ಮೂರು ವಾರದ ಹುಚ್ಚು

ಬೇಸಿಗೆ ರಜೆಯ ಕೊನೆಯ ವಾರದಲ್ಲಿ ಕಲೆ ಕಲಿಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಹಿಂದಿನ ಸಾಲುಗಳಲ್ಲಿ ಅವರ ಅಪ್ಪ ಅಮ್ಮಂದಿರೂ ಕೂತಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಮಾತಿನ ದಾರಿ ಬದಲಿಸಿಲ್ಲ.

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಸೌಂಡ್ ಎಡಿಟಿಂಗ್. ಸಾಕ್ಷ್ಯಚಿತ್ರಗಳಿಗೆ ಶಬ್ದ ಜೋಡಿಸುವುದು. ಈ ಕೆಲಸ ಚೆನ್ನಾಗಿ ಆಗಿದ್ದರೆ ಯಾರೂ ಗಮನಿಸುವುದಿಲ್ಲ. ಕೆಟ್ಟಿದ್ದರೆ ಮಾತ್ರ ಫೋನ್ ಬರುತ್ತದೆ. ಹಾಗಾಗಿ ವೇದಿಕೆ ಹತ್ತಿ ಮಾತಾಡುವ ಅಭ್ಯಾಸ ನನಗಿಲ್ಲ. ಆದರೂ ಬಂದಿದ್ದೇನೆ. ಯಾಕೆಂದರೆ ಒಂದು ದೂರು ಕೇಳಿ ಕೇಳಿ ಸಾಕಾಗಿದೆ.

ದೂರು ನನ್ನ ಅಕ್ಕನದು. "ಇವಳು ಒಂದರಲ್ಲೂ ನಿಲ್ಲಲ್ಲ ಕಣೇ." ಇವಳು ಅಂದರೆ ಅಕ್ಕನ ಮಗಳು. ನಾವೆಲ್ಲ ಪುಟ್ಟಿ ಅಂತ ಕರೆಯುತ್ತೇವೆ. ವಯಸ್ಸು 19, ಆ ಹೆಸರು ಅವಳಿಗೆ ಒಂದಿಷ್ಟೂ ಇಷ್ಟವಿಲ್ಲ. ಇವತ್ತು ಇಲ್ಲಿ ಅವಳ ಕಥೆ ಹೇಳುತ್ತೇನೆ ಅಂದಾಗ ಒಂದೇ ಷರತ್ತು ಹಾಕಿದಳು: ಪುಟ್ಟಿ ಅನ್ನಬಾರದು. ಆ ಷರತ್ತು ಈಗಾಗಲೇ ಮುರಿದಾಯ್ತು.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ಅವಳು ಹೆಚ್ಚು ದಿನ ನನ್ನ ಮನೆಯಲ್ಲೇ ಇದ್ದಳು. ಒಂಬತ್ತು ವಾರ ರಜೆ, ಮೂರು ಹುಚ್ಚು. ಮೊದಲು ಶಬ್ದದ್ದು, ಆಮೇಲೆ ಸಿನಿಮಾದ್ದು, ಕೊನೆಗೆ ಬಿಸಿಲಲ್ಲಿ ಚಿತ್ರ ಅಚ್ಚು ಹಾಕುವುದರದ್ದು. ಒಂದೊಂದೂ ಸುಮಾರು ಮೂರು ವಾರ. ನಾಲ್ಕನೆಯ ವಾರ ಬರುವ ಹೊತ್ತಿಗೆ ಹಳೆಯದು ಮೂಲೆ ಸೇರುತ್ತಿತ್ತು, ಹೊಸದು ಮೇಜಿನ ಮೇಲೆ ಹರಡಿಕೊಳ್ಳುತ್ತಿತ್ತು.

ಅಕ್ಕನಿಗೆ ಇದು ಸೋಲಿನ ಹಾಗೆ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಯಾಕೆ ಅಂತ ಹೇಳೋಕೆ ಇವತ್ತು ಬಂದಿದ್ದೇನೆ.

ಹುಚ್ಚು ಅನ್ನೋ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಹವ್ಯಾಸ ಅಂದರೆ ಯಾಕೋ ಅರ್ಜಿಯಲ್ಲಿ ತುಂಬುವ ಕಾಲಂ ನೆನಪಾಗುತ್ತದೆ. ಆಸಕ್ತಿ ಅನ್ನೋದು ಸಭ್ಯ ಪದ, ಅದಕ್ಕೆ ನಿದ್ದೆ ಕೆಡಿಸುವ ಶಕ್ತಿ ಇಲ್ಲ. ಹುಚ್ಚು ಹಿಡಿಯುತ್ತದೆ, ಬಿಡುತ್ತದೆ. ಹಿಡಿದಾಗ ನಾವು ಕೇಳಿಕೊಂಡು ಹಿಡಿಯುವುದಿಲ್ಲ, ಬಿಟ್ಟಾಗಲೂ ಅಷ್ಟೇ.

ಮೊದಲ ಹುಚ್ಚಿಗೆ ನಾನೇ ಕಾರಣ ಇರಬಹುದು. ನನ್ನ ಕೋಣೆಯಲ್ಲಿ ಸ್ಪೀಕರ್, ಹೆಡ್‌ಫೋನ್, ಮೈಕು ಬಿದ್ದಿರುತ್ತವೆ. ಒಂದು ಮಧ್ಯಾಹ್ನ ಪುಟ್ಟಿ ಬಂದು, "ಚಿಕ್ಕಮ್ಮ, ನನ್ನ ಫೋನ್ ಕೆಟ್ಟಿದೆ ಅನ್ಸುತ್ತೆ. ಫ್ಯಾನ್ ಸದ್ದು ರೆಕಾರ್ಡ್ ಆಗ್ತಾನೇ ಇಲ್ಲ" ಅಂದಳು. ಕೇಳಿಸಿಕೊಂಡೆ. ಮೊದಲ ಒಂದೆರಡು ಸೆಕೆಂಡ್ ಫ್ಯಾನ್ ಇದೆ. ಆಮೇಲೆ ಯಾರೋ ಅದನ್ನು ಕಂಬಳಿ ಹೊದಿಸಿ ಮಲಗಿಸಿದ ಹಾಗೆ.

ಫೋನ್ ಕೆಟ್ಟಿರಲಿಲ್ಲ. ಅದಕ್ಕೆ ಕಲಿಸಿದ ಕೆಲಸವನ್ನು ಮಾಡುತ್ತಿತ್ತು. ಮನುಷ್ಯರ ಮಾತು ಸ್ಪಷ್ಟವಾಗಿ ಕೇಳಲಿ ಅಂತ, ಒಂದೇ ಸಮನೆ ಬರುವ ಸದ್ದನ್ನು ಅದು ಗಲಾಟೆ ಅಂತ ಲೆಕ್ಕ ಹಾಕಿ ಒರೆಸಿಬಿಡುತ್ತದೆ. ಪುಟ್ಟಿಗೆ ಬೇಕಾಗಿದ್ದೇ ಆ ಗಲಾಟೆ. ಫೋನಿಗೆ ಕಸವಾಗಿ ಕಂಡದ್ದು ಅವಳಿಗೆ ಚಿನ್ನ. ಆ ಒರೆಸುವ ಕೆಲಸವನ್ನು ನಿಲ್ಲಿಸುವ ಆಪ್ ಹಾಕಿಕೊಟ್ಟೆ. ಅಲ್ಲಿಂದ ಶುರು. ಬಾಗಿಲಿನ ಕೀಲು, ನೀರಿನ ಪೈಪು, ಮೆಟ್ಟಿಲ ಕಂಬಿ, ಪಕ್ಕದ ಮನೆಯ ನಾಯಿ ನೆಲ ಕೆರೆಯುವುದು. ಒಂದು ವಾರದಲ್ಲಿ ಇನ್ನೂರು ಚಿಲ್ಲರೆ ಫೈಲು.

ಇಲ್ಲಿ ಅವಳಿಗೆ ಒಂದು ಆಟ ಹೇಳಿಕೊಟ್ಟೆ. ನಿಮಗೂ ಹೇಳುತ್ತೇನೆ, ಇವತ್ತು ರಾತ್ರಿಯೇ ಮಾಡಿ ನೋಡಿ. ಒಂದು ಗಂಟೆ ಹೊಡೆದು ರೆಕಾರ್ಡ್ ಮಾಡಿ. ಕಂಚಿನ ಗಂಟೆ ಆದರೆ ಒಳ್ಳೆಯದು, ಇಲ್ಲದಿದ್ದರೆ ಲೋಹದ ಬಟ್ಟಲಾದರೂ ನಡೆಯುತ್ತದೆ. ಆಮೇಲೆ ಮೊದಲಿನ ಪೆಟ್ಟನ್ನು ಮಾತ್ರ ಕತ್ತರಿಸಿ ಎಸೆಯಿರಿ. ಉಳಿದ ನಾದವನ್ನು ಬೇರೆಯವರಿಗೆ ಕೇಳಿಸಿ. ಗಂಟೆ ಅಂತ ಗುರುತು ಹಿಡಿಯುವುದು ಕಷ್ಟ. ಊದುವ ವಾದ್ಯ ಅನ್ನುವವರೇ ಜಾಸ್ತಿ. ಒಂದು ಶಬ್ದ ಯಾವುದರದ್ದು ಅಂತ ನಮ್ಮ ಕಿವಿ ತೀರ್ಮಾನ ಮಾಡುವುದರಲ್ಲಿ ಅದರ ಹುಟ್ಟಿನ ಆ ಮೊದಲ ಕ್ಷಣಕ್ಕೆ ದೊಡ್ಡ ಪಾಲು.

ಇದನ್ನು ಹುಡುಕಿದ್ದು ಪಿಯೆರ್ ಶೆಫೆರ್. ಫ್ರೆಂಚ್ ರೇಡಿಯೋದಲ್ಲಿ ಎಂಜಿನಿಯರ್ ಆಗಿದ್ದವರು. 1948ರಲ್ಲಿ ರೈಲಿನ ಸದ್ದುಗಳನ್ನು ರೆಕಾರ್ಡ್ ಮಾಡಿ, ಅವನ್ನೇ ಜೋಡಿಸಿ ಒಂದು ಸಂಗೀತ ಕೃತಿ ಮಾಡಿದರು. ಆಗ ಅವರ ಕೈಯಲ್ಲಿ ಟೇಪು ಕೂಡ ಇರಲಿಲ್ಲ. ತಿರುಗುವ ಡಿಸ್ಕಿನ ಮೇಲೆ ಕೆತ್ತಿ ಕೆತ್ತಿ ಮಾಡಿದ ಕೆಲಸ. ಪುಟ್ಟಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಅದನ್ನ ಸಂಗೀತ ಅಂತ ಒಪ್ಪಿಕೊಂಡ್ರಾ?" ಕೆಲವರು ಒಪ್ಪಿದರು, ಕೆಲವರು ಇವತ್ತಿಗೂ ಒಪ್ಪಿಲ್ಲ.

ನಾವೀಗ ಒಂದು ನಿಮಿಷ ಸುಮ್ನೆ ಕೂರೋಣ. ಕಣ್ಣು ಮುಚ್ಚಬೇಕಾಗಿಲ್ಲ. ಕೇಳಿದ್ದನ್ನೆಲ್ಲ ಮನಸ್ಸಲ್ಲಿ ಬರೆದುಕೊಳ್ಳಿ.

(ಸಭೆಯಲ್ಲಿ ಒಂದು ನಿಮಿಷ ಕೂತೆವು. ಆಮೇಲೆ ಕೇಳಿದಾಗ ಬಂದ ಉತ್ತರಗಳು: ಕುರ್ಚಿ ಕಿರುಗುಟ್ಟಿದ್ದು, ಯಾರದೋ ಫೋನ್ ಬ್ಯಾಗಿನೊಳಗೆ ನಡುಗಿದ್ದು, ಟ್ಯೂಬ್‌ಲೈಟಿನ ಗುಂಯ್, ಹಿಂದಿನ ಸಾಲಿನ ಯಾರದೋ ಹೊಟ್ಟೆ.)

1952ರ ಆಗಸ್ಟ್ 29ರಂದು ಅಮೆರಿಕದ ವುಡ್‌ಸ್ಟಾಕ್ ಹತ್ತಿರ, ಕಾಡಿನ ಕಡೆಗೆ ತೆರೆದುಕೊಂಡ ಒಂದು ಸಭಾಂಗಣದಲ್ಲಿ ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕೂತರು. ಸಂಗೀತ ರಚನೆಕಾರ ಜಾನ್ ಕೇಜ್ ಅವರ ಕೃತಿ. ಮೂರು ಭಾಗ, ಒಟ್ಟು 4 ನಿಮಿಷ 33 ಸೆಕೆಂಡ್. ಒಂದು ಸ್ವರವನ್ನೂ ನುಡಿಸಲಿಲ್ಲ. ಕೇಜ್ ಆಮೇಲೆ ಹೇಳಿಕೊಂಡ ಪ್ರಕಾರ ಮೊದಲ ಭಾಗದಲ್ಲಿ ಹೊರಗಿನ ಗಾಳಿ ಕೇಳಿತು, ಎರಡನೆಯದರಲ್ಲಿ ಸೂರಿನ ಮೇಲೆ ಮಳೆ ಹನಿ, ಮೂರನೆಯದರಲ್ಲಿ ಜನ ಗೊಣಗಿದ್ದು, ಎದ್ದು ಹೋದದ್ದು. ಇದನ್ನು ತಮಾಷೆ ಅನ್ನುವವರು ಇದ್ದಾರೆ. ಇರಲಿ. ನನಗೆ ಇಷ್ಟವಾಗುವುದು ಬೇರೆ ಸಂಗತಿ. ಅದು ಬೇಸಿಗೆಯ ಕೊನೆಯಲ್ಲಿ, ಅಂಥ ತೆರೆದ ಜಾಗದಲ್ಲಿ ನಡೆಯಿತಲ್ಲ, ಅದು. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಗಿದ್ದರೆ ಬರೀ ಕೆಮ್ಮು ಕೇಳುತ್ತಿತ್ತೇನೋ.

ಬೇಸಿಗೆ ಶಬ್ದವನ್ನೂ ಬದಲಿಸುತ್ತದೆ. ಇದು ಕವಿತೆಯ ಮಾತಲ್ಲ. ಪುಟ್ಟಿಯ ಗೆಳತಿ ಕೊಳಲು ನುಡಿಸುತ್ತಾಳೆ, ಪುಟ್ಟಿ ಗಿಟಾರಿನಲ್ಲಿ ನಾಲ್ಕು ಕಾರ್ಡ್, ಅಂದರೆ ಸ್ವರಗುಚ್ಛ, ಹಿಡಿಯುತ್ತಾಳೆ. ಬೆಳಿಗ್ಗೆ ಶ್ರುತಿ ಸೇರಿಸಿಕೊಂಡಿದ್ದರು. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಜಗಳ. ನೀನು ತಪ್ಪು, ನೀನು ತಪ್ಪು. ಇಬ್ಬರದ್ದೂ ತಪ್ಪಿರಲಿಲ್ಲ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಳಲಿನ ಶ್ರುತಿ ಏರುತ್ತದೆ. ಕೊಳಲಿನೊಳಗಿನ ಗಾಳಿ 10 ಡಿಗ್ರಿ ಜಾಸ್ತಿ ಬಿಸಿಯಾದರೆ 440 ಹರ್ಟ್ಸ್ ಸ್ವರ, ಅಂದರೆ ಸೆಕೆಂಡಿಗೆ 440 ಸಲ ಕಂಪಿಸುವುದು, ಸುಮಾರು 447ಕ್ಕೆ ಹೋಗುತ್ತದೆ. ಗಿಟಾರಿನ ತಂತಿ ಬಿಸಿಗೆ ಹಿಗ್ಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಜಗಳ ಮಾಡಿಸಿದ್ದು ಸೆಕೆ.

ಮೂರು ವಾರದ ಕೊನೆಗೆ ಅವಳು 50 ಸೆಕೆಂಡಿನ ಒಂದು ತುಣುಕು ಮಾಡಿದಳು. ಫ್ಯಾನು, ಪೈಪು, ಪೆಟ್ಟು ಕಳೆದುಕೊಂಡ ಗಂಟೆ. ಚೆನ್ನಾಗಿತ್ತಾ? ಮೊದಲ 20 ಸೆಕೆಂಡ್ ಚೆನ್ನಾಗಿತ್ತು. ಉಳಿದದ್ದರಲ್ಲಿ, ಸಿಕ್ಕಿದ್ದನ್ನೆಲ್ಲ ಹಾಕಲೇಬೇಕು ಅನ್ನುವ ಆಸೆ ಕೇಳುತ್ತಿತ್ತು. ಹಾಗಂತ ಹೇಳಿದೆ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸಿನಿಮಾದ ಹುಚ್ಚು ಹಿಡಿದಿತ್ತು.

ಇಲ್ಲಿ ನನ್ನದೇ ಒಂದು ಬೇಸಿಗೆಯನ್ನು ನಡುವೆ ತರುತ್ತೇನೆ, ಕ್ಷಮಿಸಿ. ನನಗೆ 20 ವರ್ಷ ಇದ್ದಾಗ ಸಿನಿಮಾ ಹುಚ್ಚು ಹಿಡಿದಿತ್ತು. ನಾನು ಏನು ಮಾಡಿದೆ? ಪಟ್ಟಿ ಮಾಡಿದೆ. ನೋಡಲೇಬೇಕಾದ ಸಿನಿಮಾಗಳ ಪಟ್ಟಿ. ಒಂದು ರಜೆಯಲ್ಲಿ ಅರವತ್ತು ಸಿನಿಮಾ ನೋಡಿದೆ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಅಂಕ ಕೊಟ್ಟೆ. ಯಾರಾದರೂ ಸಿಕ್ಕರೆ ಹೆಸರು ಉದುರಿಸುತ್ತಿದ್ದೆ. ಇವತ್ತು ಆ ಅರವತ್ತರಲ್ಲಿ ನಿಜವಾಗಿ ನೆನಪಿರುವುದು ನಾಲ್ಕು. ನೋಡಿದ್ದು ತಪ್ಪಲ್ಲ, ನೋಡಬೇಕು. ಆದರೆ ಇಡೀ ಬೇಸಿಗೆ ನನ್ನ ಕೈ ಏನನ್ನೂ ಮುಟ್ಟಲಿಲ್ಲ. ಒಂದು ಫೋಟೋ ತೆಗೆಯಲಿಲ್ಲ, ಒಂದು ಸದ್ದು ಕತ್ತರಿಸಲಿಲ್ಲ. ಹುಚ್ಚು ಬಿಟ್ಟಾಗ ನನ್ನ ಹತ್ತಿರ ಉಳಿದದ್ದು ಅಂಕಗಳ ಪಟ್ಟಿ. ಅಕ್ಕ ನನ್ನನ್ನು ಹೊಗಳಿದ್ದಳು, "ಎಷ್ಟು ಶಿಸ್ತಾಗಿ ನೋಡ್ತಾಳೆ" ಅಂತ. ಪುಟ್ಟಿಗೆ ಬೈಯುವ ಅದೇ ಅಕ್ಕ.

ಒಂದು ಹುಚ್ಚನ್ನು ಅಳೆಯುವಾಗ ಎಷ್ಟು ದಿನ ಇತ್ತು ಅಂತ ನಾನು ಕೇಳುವುದಿಲ್ಲ. ಕೈ ಕೊಳೆ ಆಯ್ತಾ ಅಂತ ಕೇಳುತ್ತೇನೆ.

ಪುಟ್ಟಿಯ ಸಿನಿಮಾಕ್ಕೆ ಬರುತ್ತೇನೆ. ಅವಳು ಐದು ನಿಮಿಷದ ಅನಿಮೇಷನ್ ಮಾಡುತ್ತೇನೆ ಅಂದಳು. ಕಾಗದದ ಮೇಲೆ ಚಿತ್ರ ಬರೆದು, ಫೋನಿನಲ್ಲಿ ಒಂದೊಂದಾಗಿ ಫೋಟೋ ತೆಗೆದು. ಲೆಕ್ಕ ಹಾಕು ಅಂದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಅನಿಮೇಷನ್ ಮಾಡುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸುತ್ತಾರೆ. ಆಗ ಸೆಕೆಂಡಿಗೆ 12 ಚಿತ್ರ ಸಾಕು. ನಿಮಿಷಕ್ಕೆ 720. ಐದು ನಿಮಿಷಕ್ಕೆ 3,600. ಪುಟ್ಟಿ ಕ್ಯಾಲ್ಕುಲೇಟರ್ ಕೆಳಗಿಟ್ಟು, "ಸರಿ, ಒಂದು ನಿಮಿಷ" ಅಂದಳು. ಎರಡನೆಯ ದಿನ "ಮೂವತ್ತು ಸೆಕೆಂಡ್". ಕೊನೆಗೆ ಆದದ್ದು ಎಂಟು ಸೆಕೆಂಡ್. 96 ಚಿತ್ರ.

ಎಂಟು ಸೆಕೆಂಡ್ ಅಂದರೆ ಕಮ್ಮಿ ಅಂತ ಅನ್ನಿಸುತ್ತೆ ಅಲ್ವಾ? ನನಗೆ ಕೆಲಸ ಕಲಿಸಿದ ಹಳಬರು ಸಮಯವನ್ನು ಗಡಿಯಾರದಲ್ಲಿ ನೋಡುತ್ತಿರಲಿಲ್ಲ, ಕೈಯಲ್ಲಿ ಅಳೆಯುತ್ತಿದ್ದರು. ಸ್ಟುಡಿಯೋದ ದೊಡ್ಡ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು. 35 ಎಂಎಂ ಫಿಲ್ಮಿನಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 45 ಸೆಂಟಿಮೀಟರ್. ಹೆಚ್ಚು ಕಮ್ಮಿ ಒಂದು ಮೊಳ. ಎಡಿಟರ್ ಕೈ ಚಾಚಿ ಫಿಲ್ಮ್ ಎಳೆದರೆ ಎಷ್ಟು ಸೆಕೆಂಡ್ ಅಂತ ಮೊಣಕೈಗೆ ಗೊತ್ತಾಗುತ್ತಿತ್ತು. ಪುಟ್ಟಿಗೆ ಹೇಳಿದೆ, ನೀನು ಎಂಟು ಮೊಳ ಸಿನಿಮಾ ಮಾಡಿದ್ದೀಯ. ಕೈ ಚಾಚಿ ಅಳೆದು ನೋಡಿದಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಂತು. ಆಗ ಅವಳ ಮುಖ ನೋಡಬೇಕಿತ್ತು.

ಆ ಎಂಟು ಸೆಕೆಂಡಿನಲ್ಲಿ ಒಂದು ದೋಷ ಇತ್ತು. ಮೇಜು ಕಿಟಕಿಯ ಪಕ್ಕ ಇತ್ತು. 96 ಚಿತ್ರಗಳ ಫೋಟೋ ತೆಗೆಯಲು ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆಯಲ್ಲಿ ಬಿಸಿಲು ಸುಮ್ಮನೆ ನಿಂತಿರುತ್ತಾ? ಕಿಟಕಿಯ ಸರಳಿನ ನೆರಳು ಕಾಗದದ ಮೇಲೆ ಜರುಗುತ್ತಾ ಹೋಯಿತು. ನಡುವೆ ಮೋಡ ಬಂದಾಗ ಫೋನ್ ತಾನೇ ಬೆಳಕು ಸರಿ ಮಾಡಲು ಹೋಗಿ ಚಿತ್ರ ಮಿಣುಕಿತು. ಎಕ್ಸ್‌ಪೋಷರ್, ಅಂದರೆ ಫೋನ್ ಹಿಡಿಯುವ ಬೆಳಕಿನ ಪ್ರಮಾಣ, ಲಾಕ್ ಮಾಡಬೇಕಿತ್ತು, ಪರದೆ ಎಳೆದು ಒಂದು ದೀಪ ಹಾಕಿಕೊಳ್ಳಬೇಕಿತ್ತು. ಎರಡನ್ನೂ ನಾನು ಹೇಳಿರಲಿಲ್ಲ. ಮರೆತಿದ್ದೆ.

ಅವಳು ಬರೆದದ್ದು ಒಂದು ಹಕ್ಕಿ ಹಾರುವ ಚಿತ್ರ. ನಿಜ ಹೇಳಬೇಕೆಂದರೆ ಹಕ್ಕಿ ಅಷ್ಟಕ್ಕಷ್ಟೇ. ರೆಕ್ಕೆ ಬಡಿತದಲ್ಲಿ ಭಾರವೇ ಇಲ್ಲ. ಆದರೆ ಅದರ ಹಿಂದೆ ಮೂರು ಗಂಟೆಯ ನೆರಳು ಎಂಟು ಸೆಕೆಂಡಿನಲ್ಲಿ ನಡೆದು ಹೋಗುತ್ತಿತ್ತು. ಅದನ್ನು ನಾನು ಹತ್ತು ಸಲ ನೋಡಿದೆ. ಅವಳು ಹಕ್ಕಿಯ ಬಗ್ಗೆ ಕೇಳುತ್ತಿದ್ದಳು, ನಾನು ನೆರಳಿನ ಬಗ್ಗೆ ಹೇಳುತ್ತಿದ್ದೆ. ಆ ದಿನ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಹತ್ತಲಿಲ್ಲ.

ಸಲಕರಣೆ ಇಲ್ಲ ಅನ್ನುವ ಮಾತು ನಿಮ್ಮಲ್ಲಿ ಹಲವರ ಬಾಯಲ್ಲಿ ಇದೆ. ಅದಕ್ಕೆ ಒಂದು ಕಥೆ. ನಾರ್ಮನ್ ಮೆಕ್ಲಾರೆನ್ 1930ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಕಲಾಶಾಲೆಯಲ್ಲಿ ವಿದ್ಯಾರ್ಥಿ. ಸಿನಿಮಾ ಹುಚ್ಚು ಹಿಡಿದಿತ್ತು, ಕ್ಯಾಮೆರಾ ಇರಲಿಲ್ಲ. ಒಂದು ಹಳೆಯ 35 ಎಂಎಂ ರೀಲು ಸಿಕ್ಕಿತು. ಅದನ್ನು ನೀರಲ್ಲಿ ನೆನೆಹಾಕಿ, ಮೇಲಿನ ಚಿತ್ರದ ಪದರವನ್ನು ತೊಳೆದು ತೆಗೆದು, ಬರಿದಾದ ಪಟ್ಟಿಯ ಮೇಲೆ ಬಣ್ಣದ ಶಾಯಿಯಲ್ಲಿ ಚಿತ್ರ ಬರೆದ. ಒಂದೊಂದು ಚೌಕಟ್ಟು ಎರಡು ಸೆಂಟಿಮೀಟರ್ ಆಸುಪಾಸು. ಕ್ಯಾಮೆರಾ ಬೇಕೇ ಆಗಲಿಲ್ಲ. ಮುಂದೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ದಶಕಗಳ ಕಾಲ ಅದೇ ದಾರಿಯಲ್ಲಿ ಕೆಲಸ ಮಾಡಿದರು. ಫಿಲ್ಮಿನ ಅಂಚಿನಲ್ಲಿ ಶಬ್ದಕ್ಕೆ ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರ ಮೇಲೂ ಗೆರೆ ಬರೆದು ಸಂಗೀತ ಮಾಡಿದರು. ಬರೆದ ಗೆರೆಗಳು ಹತ್ತಿರ ಹತ್ತಿರ ಇದ್ದರೆ ಸ್ವರ ಮೇಲೆ, ದೂರ ದೂರ ಇದ್ದರೆ ಕೆಳಗೆ. ಸಂಗೀತ, ಸಿನಿಮಾ, ಚಿತ್ರ ಮೂರೂ ಒಂದೇ ಪಟ್ಟಿಯ ಮೇಲೆ, ಒಂದೇ ಪೆನ್ನಿನಲ್ಲಿ. ನನ್ನ ಕಸುಬಿನವಳಾಗಿ ಹೇಳುತ್ತೇನೆ, ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ಎಲ್ಲರೂ ಹಳೆ ರೀಲು ಹುಡುಕಿಕೊಂಡು ಹೋಗಿ ಅಂತ ಇದರ ಅರ್ಥ ಅಲ್ಲ. ಒಳ್ಳೆ ಮೈಕು ಒಳ್ಳೆ ಮೈಕೇ. ಆದರೆ ಸಲಕರಣೆ ಕೊಳ್ಳುವುದೂ ಒಂದು ಬೇರೆ ಹುಚ್ಚು. ಕಲೆಯ ಹುಚ್ಚಿನ ವೇಷ ಹಾಕಿಕೊಂಡು ಬರುತ್ತೆ. ಡಬ್ಬ ಬಿಚ್ಚಿದ ದಿನವೇ ಬಿಟ್ಟು ಹೋದರೆ ಅದು ಆ ಜಾತಿಯದ್ದು ಅಂತ ತಿಳಿಯಿರಿ. ಮಾಡಿದ್ದನ್ನು ದಿನಾ ಸಂಜೆ ಜಾಲತಾಣಕ್ಕೆ ಹಾಕುವ ಬಗ್ಗೆಯೂ ಕೇಳಿದ್ದೀರಿ. ಹಾಕಿ, ಬೇಡ ಅನ್ನಲ್ಲ. ಮೊದಲ ಎರಡು ವಾರ ಮಾತ್ರ ಬೇಡ. ಎರಡು ವಾರ ಆ ಕೆಲಸ ನಿಮಗೂ ಗೊತ್ತಿಲ್ಲದ ಹಾಗೆ ಬೆಳೆಯಲಿ.

ಮೂರನೆಯ ಹುಚ್ಚು ನೀಲಿ.

ಇದನ್ನು ಸಯನೋಟೈಪ್ ಅನ್ನುತ್ತಾರೆ. ಎರಡು ಕಬ್ಬಿಣದ ಲವಣ ಬೇಕು, ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್. ಬೇರೆ ಬೇರೆ ನೀರಲ್ಲಿ ಕರಗಿಸಿ, ಆಮೇಲೆ ಬೆರೆಸಿ, ಮಬ್ಬು ಬೆಳಕಲ್ಲಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ಒಣಗಿದ ಕಾಗದದ ಮೇಲೆ ಎಲೆಯನ್ನೋ ಹೂವನ್ನೋ ಇಟ್ಟು, ಮೇಲೊಂದು ಗಾಜು ಒತ್ತಿ, ಬಿಸಿಲಿಗೆ. ಗಟ್ಟಿ ಬಿಸಿಲಾದರೆ ಹತ್ತು ಹದಿನೈದು ನಿಮಿಷ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಲ್ಲಿ ಕಬ್ಬಿಣ ಬದಲಾಗಿ ನೀಲಿಯಾಗುತ್ತದೆ. ಎಲೆ ಮುಚ್ಚಿದಲ್ಲಿ ಆಗುವುದಿಲ್ಲ. ನೀರಲ್ಲಿ ತೊಳೆದರೆ ಬದಲಾಗದ ಲವಣ ಕರಗಿ ಹೋಗಿ ಬಿಳಿ ಉಳಿಯುತ್ತದೆ. ಒಣಗುತ್ತಾ ನೀಲಿ ಇನ್ನೂ ಗಾಢವಾಗುತ್ತದೆ.

ಸಯನೈಡ್ ಅನ್ನೋ ಹೆಸರು ಕೇಳಿ ಅಕ್ಕ ಬೆಚ್ಚಿಬಿದ್ದಳು. ಹೆದರಿಕೆ ಸಹಜ. ಈ ಲವಣದಲ್ಲಿ ಅದು ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಆದರೂ ಗಟ್ಟಿ ಆಸಿಡ್ ಹತ್ತಿರ ತರಬಾರದು, ಕೈಗವಸು ಬೇಕು, ಅಡುಗೆ ಪಾತ್ರೆ ಬಳಸಬಾರದು. ಒಂದು ವಿಚಿತ್ರ ಏನು ಗೊತ್ತಾ? ಆ ವಿಷಕ್ಕೆ ಹೆಸರು ಬಂದದ್ದೇ ನೀಲಿಯಿಂದ. ಗ್ರೀಕಿನಲ್ಲಿ ಕಡುನೀಲಿಗೆ ಕ್ಯಾನೋಸ್ ಅನ್ನುತ್ತಾರೆ. ಪ್ರಷ್ಯನ್ ನೀಲಿ ಅನ್ನುವ ಬಣ್ಣ ಮೊದಲು ಹುಟ್ಟಿತು, ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಬರ್ಲಿನ್ನಿನಲ್ಲಿ, ಆಕಸ್ಮಿಕವಾಗಿ. ಆ ಬಣ್ಣವನ್ನು ಕೆದಕಿದವರಿಗೆ ಆಮೇಲೆ ವಿಷ ಸಿಕ್ಕಿತು.

ಬಿಸಿಲಲ್ಲಿ ಅಚ್ಚು ಹಾಕುವ ಈ ವಿಧಾನ ಕಂಡುಹಿಡಿದದ್ದು 1842ರಲ್ಲಿ, ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಆನಾ ಆಟ್ಕಿನ್ಸ್ ಅನ್ನುವ ಇಂಗ್ಲಿಷ್ ಸಸ್ಯಶಾಸ್ತ್ರಜ್ಞೆ ಇದನ್ನು ಹಿಡಿದುಕೊಂಡರು. ಕಡಲಿನ ಪಾಚಿಗಳನ್ನು ಒಂದೊಂದಾಗಿ ಕಾಗದದ ಮೇಲೆ ಹರಡಿ ಬಿಸಿಲಿಗಿಟ್ಟು, ಹೆಸರನ್ನೂ ಕೈಯಲ್ಲೇ ಬರೆದು ಅಚ್ಚು ಹಾಕಿ, ಕಂತು ಕಂತಾಗಿ ಹತ್ತು ವರ್ಷ ಪುಸ್ತಕ ಮಾಡಿದರು. ಫೋಟೋಗಳಿಂದ ಚಿತ್ರ ಹಾಕಿದ ಮೊದಲ ಪುಸ್ತಕ ಅಂತ ಅದನ್ನು ಗುರುತಿಸುತ್ತಾರೆ. ಶುರು ಮಾಡಿದಾಗ ಆಕೆಗೆ 44 ವರ್ಷ. ಹಿಂದಿನ ಸಾಲಿನವರು ಕೇಳಿಸಿಕೊಳ್ಳಿ ಅಂತ ಹೇಳುತ್ತಿದ್ದೇನೆ.

ಆಟ್ಕಿನ್ಸ್ ಹತ್ತು ವರ್ಷ ನಿಂತರು, ಪುಟ್ಟಿ ಮೂರೇ ವಾರ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮೂರು ವಾರ ಅವಳು ಬಿಸಿಲನ್ನು ನೋಡಿದ ರೀತಿ ಬೇರೆ. ಎಲ್ಲರೂ ಬೈಯುವ ಬಿಸಿಲಿಗೆ ಅವಳು ಕಾಯುತ್ತಿದ್ದಳು. ಹನ್ನೊಂದು ಗಂಟೆಗೂ ನಾಲ್ಕು ಗಂಟೆಗೂ ನೀಲಿ ಹೇಗೆ ಬೇರೆ ಆಗುತ್ತೆ ಅಂತ ಗೋಡೆಗೆ ಪಟ್ಟಿ ಅಂಟಿಸಿದ್ದಳು. ಮೊದಲ ದಿನದ ಆರು ಹಾಳೆಯೂ ಹಾಳು. ಎಲೆ ದಪ್ಪ, ಗಾಜು ಸರಿಯಾಗಿ ಒತ್ತಿರಲಿಲ್ಲ, ಅಂಚಿನಲ್ಲೆಲ್ಲ ಬೆಳಕು ನುಗ್ಗಿ ಎಲೆ ಬದಲು ನೀಲಿ ಮುದ್ದೆ. ಒಂದು ಜರೀಗಿಡದ ಎಲೆಯನ್ನು ಎರಡು ದಿನ ಪುಸ್ತಕದಲ್ಲಿ ಒಣಗಿಸಿ ಇಟ್ಟಾಗ ಮಾತ್ರ ಪ್ರತಿ ನರವೂ ಮೂಡಿತು.

ಕಾಲ ಕಮ್ಮಿ ಇರುವುದು ಒಳ್ಳೆಯದೇ ಅಂತ ನನಗೆ ಅನ್ನಿಸುವುದು ಇಂಥ ಕಡೆ. 1888ರ ಆಗಸ್ಟ್‌ನಲ್ಲಿ ವ್ಯಾನ್ ಗೋ ಆರ್ಲ್ ಊರಿನಲ್ಲಿ ಸೂರ್ಯಕಾಂತಿ ಹೂಗಳ ಚಿತ್ರ ಬರೆಯುತ್ತಿದ್ದರು. ಹೂ ಬೇಗ ಬಾಡುತ್ತದೆ, ಒಂದೇ ಏಟಿಗೆ ಮುಗಿಸಬೇಕು, ಅದಕ್ಕೆ ಬೆಳಗಾಗುತ್ತಲೇ ಶುರು ಮಾಡುತ್ತೇನೆ ಅಂತ ತಮ್ಮ ಥಿಯೋಗೆ ಬರೆದರು. ಆ ತಿಂಗಳು ನಾಲ್ಕು ಚಿತ್ರ ಆದವು. ಗಡುವು ಕೊಟ್ಟವರು ಯಾರೂ ಇಲ್ಲ, ಹೂವೇ ಗಡುವು.

ಈಗ ಅಕ್ಕನ ದೂರಿಗೆ ಮತ್ತೆ ಬರೋಣ. ಬಿಟ್ಟ ಹುಚ್ಚು ಏನಾಗುತ್ತೆ?

1826ರ ಬೇಸಿಗೆ, ಬರ್ಲಿನ್. ಫೆಲಿಕ್ಸ್ ಮೆಂಡೆಲ್ಸನ್‌ಗೆ 17 ವರ್ಷ. ಶೇಕ್ಸ್‌ಪಿಯರ್ ನಾಟಕಗಳನ್ನು ಜರ್ಮನ್ ಅನುವಾದದಲ್ಲಿ ಓದಿ ಹುಚ್ಚು ಹಿಡಿದಿತ್ತು. ಅದರಲ್ಲೂ ಬೇಸಿಗೆಯ ಒಂದು ರಾತ್ರಿಯ ಕನಸಿನ ಆ ನಾಟಕ, 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'. ಅದಕ್ಕೊಂದು ಆರಂಭ ಸಂಗೀತ ಬರೆದ. ನಾಟಕ ಆಡುವವರು ಯಾರೂ ಕೇಳಿರಲಿಲ್ಲ. ಸುಮ್ನೆ ಬರೆದ. ಆಗಸ್ಟ್ 6ಕ್ಕೆ ಮುಗಿಯಿತು. ಹನ್ನೆರಡು ನಿಮಿಷದ ಆಸುಪಾಸು. ಊದುವ ವಾದ್ಯಗಳ ನಾಲ್ಕು ಮೆಲ್ಲನೆಯ ಸ್ವರಗುಚ್ಛಗಳಿಂದ ಶುರುವಾಗುತ್ತದೆ, ಆಮೇಲೆ ಪಿಟೀಲುಗಳು ಕಾಡಿನ ಸಣ್ಣ ಜೀವಗಳ ಹಾಗೆ ಗುಸುಗುಸು ಓಡಾಡುತ್ತವೆ. ನಡುವೆ ಕತ್ತೆಯ ಕೂಗೂ ಇದೆ, ನಾಟಕದಲ್ಲಿ ಒಬ್ಬನಿಗೆ ಕತ್ತೆಯ ತಲೆ ಬರುತ್ತಲ್ಲ, ಅದಕ್ಕೆ. ಅಕ್ಕ ಫ್ಯಾನಿಯ ಜೊತೆ ಕೂತು ಮನೆಯಲ್ಲೇ ಪಿಯಾನೋದಲ್ಲಿ ನುಡಿಸಿದ.

ಆಮೇಲೆ ಆ ನಾಟಕವನ್ನು ಬಿಟ್ಟ. ಬೇರೆ ಸಂಗೀತ, ಬೇರೆ ಊರು, ಪ್ರವಾಸ, ಮದುವೆ, ಕೆಲಸ. ಹದಿನಾರು ವರ್ಷ. 1842ರಲ್ಲಿ ಪ್ರಷ್ಯದ ರಾಜನ ಕಡೆಯಿಂದ ಬೇಡಿಕೆ ಬಂತು, ಅದೇ ನಾಟಕಕ್ಕೆ ಪೂರ್ತಿ ಸಂಗೀತ ಬೇಕು ಅಂತ. ಆಗ ಅವರಿಗೆ 33. ಹದಿನೇಳರ ಹುಡುಗ ಬರೆದದ್ದನ್ನು ತೆಗೆದು ನೋಡಿದರು. ಬದಲಿಸಲಿಲ್ಲ. ಅದರಿಂದಲೇ ಎಳೆ ಎಳೆದು ಉಳಿದದ್ದನ್ನು ನೇಯ್ದರು. ಲೋಕದ ಎಷ್ಟೋ ಮದುವೆಗಳಲ್ಲಿ ನುಡಿಸುವ ಆ ಮದುವೆ ಮೆರವಣಿಗೆಯ ಸಂಗೀತ ಆಗ ಸೇರಿದ್ದು. ಕೇಳುವವರಿಗೆ ಹದಿನಾರು ವರ್ಷದ ಹೊಲಿಗೆ ಕಾಣುವುದಿಲ್ಲ.

ಪುಟ್ಟಿ ಮೆಂಡೆಲ್ಸನ್ ಅಂತ ನಾನು ಹೇಳುತ್ತಿಲ್ಲ, ಅಕ್ಕ ದಯವಿಟ್ಟು ಹಾಗೆ ತಿಳಿಯಬೇಡ. ಹನ್ನೆರಡು ನಿಮಿಷವೋ ಎಂಟು ಸೆಕೆಂಡೋ, ಮಾಡಿ ಮುಗಿಸಿಟ್ಟದ್ದು ಇದ್ದರೆ ಮಾತ್ರ ತೆಗೆದು ನೋಡಲು ಏನಾದರೂ ಇರುತ್ತೆ. ನನ್ನ ಅರವತ್ತು ಸಿನಿಮಾದ ಪಟ್ಟಿಯನ್ನು ತೆಗೆದು ನೋಡಿ ನಾನು ಏನು ಮಾಡಲಿ?

ಕೊನೆಯದಾಗಿ ಹೋದ ವಾರ ನಡೆದದ್ದು. ಪುಟ್ಟಿಯ ಆ ಜರೀಗಿಡದ ಪ್ರಿಂಟನ್ನು ನಾನು ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೆ. ತಪ್ಪು ಮಾಡಿದೆ. ಆರು ತಿಂಗಳಲ್ಲಿ ಬಿಸಿಲು ಅದರ ನೀಲಿಯನ್ನು ತಿಂದುಹಾಕಿತು. ಅವಳು ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ತೆಗೆದು ಒಂದು ಡ್ರಾಯರಿನಲ್ಲಿ ಇಟ್ಟು ಮರೆತಿದ್ದೆ. ಈ ರಜೆಗೆ ಅವಳು ಬಂದಳು. ಈ ಸಲದ ಹುಚ್ಚು ಡ್ರಮ್ಸ್, ನನ್ನ ಪಕ್ಕದ ಮನೆಯವರನ್ನು ದೇವರೇ ಕಾಪಾಡಬೇಕು. ಏನೋ ಹುಡುಕುತ್ತಾ ಆ ಡ್ರಾಯರ್ ಎಳೆದಳು. ಪ್ರಿಂಟ್ ಕೈಗೆತ್ತಿಕೊಂಡಳು. ನೀಲಿ ವಾಪಸ್ ಬಂದಿತ್ತು. ಮೊದಲಿನಷ್ಟು ಅಲ್ಲ, ಆದರೆ ಬಂದಿತ್ತು. ಸಯನೋಟೈಪಿಗೆ ಈ ಗುಣ ಇದೆ. ಬೆಳಕು ಜಾಸ್ತಿಯಾಗಿ ಮಾಸಿದ ನೀಲಿ, ಕತ್ತಲಲ್ಲಿ ಗಾಳಿ ತಾಗುತ್ತಾ ಇದ್ದರೆ ಬಹುಮಟ್ಟಿಗೆ ಮರಳುತ್ತದೆ.

ಅವಳು ಅದನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ, "ಚಿಕ್ಕಮ್ಮ, ಆ ನೆರಳಿನ ಸಿನಿಮಾ ಇದೆಯಲ್ಲ, ಅದನ್ನ ಈ ನೀಲೀಲಿ ಮಾಡೋಕಾಗುತ್ತಾ?" ಅಂದಳು. ಹೋದ ವರ್ಷ ಅದು ಹಕ್ಕಿಯ ಸಿನಿಮಾ ಆಗಿತ್ತು. ಈಗ ನೆರಳಿನದ್ದು.

ಆಗುತ್ತೆ ಅಂದೆ. ಎಂಟು ಸೆಕೆಂಡಿಗೆ 96 ಪ್ರಿಂಟ್, ಒಂದಕ್ಕೆ ಹತ್ತು ನಿಮಿಷ ಬಿಸಿಲು, 960 ನಿಮಿಷ, 16 ಗಂಟೆ, ರಜೆ ಮುಗಿಯಲು ಉಳಿದಿರುವುದು ಹತ್ತೇ ದಿನ, ಡ್ರಮ್ಸ್ ಬೇರೆ ಇದೆ. ದೊಡ್ಡವರ ಹಾಗೆ ಲೆಕ್ಕ ಒಪ್ಪಿಸಿದೆ.

"ಒಂದೊಂದೇ ಯಾಕೆ?" ಅಂದಳು. "ಚಿತ್ರಾನೆಲ್ಲ ಚಿಕ್ಕದು ಮಾಡಿ ಒಂದು ಹಾಳೇಲಿ ಹನ್ನೆರಡು ಇಟ್ಟರೆ ಎಂಟು ಹಾಳೆ. ಹಾಳೆಗೆ ಒಂದು ಸೆಕೆಂಡ್."

ಎಂಟು ಹಾಳೆ, ಎಂಬತ್ತು ನಿಮಿಷ ಬಿಸಿಲು. ಲೆಕ್ಕದಲ್ಲಿ ನಾನು ಸೋತೆ. ನಿನ್ನೆಯವರೆಗೆ ಐದು ಹಾಳೆ ಆಗಿವೆ, ಎರಡು ಕೆಟ್ಟಿವೆ. ಇವತ್ತು ಬೆಳಿಗ್ಗೆ ಬಳಿದ ಹಾಳೆ ಕತ್ತಲೆ ಕೋಣೆಯಲ್ಲಿ ಒಣಗುತ್ತಿದೆ, ಅವಳು ಬಾಗಿಲ ಹೊರಗೆ ಕಾಯುತ್ತಿದ್ದಾಳೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ ಅಂತ ಈಗಷ್ಟೇ ಮೆಸೇಜ್ ಬಂತು. ಪ್ರಶ್ನೆ ಇದ್ದರೆ ಬೇಗ ಕೇಳಿ, ನಾನು ಗಾಜು ಹಿಡಿದುಕೊಳ್ಳೋಕೆ ಹೋಗಬೇಕು.